ನೀರು ಹೆಚ್ಚಾದ ಸುದ್ದಿ

ಗಿರಿಜಾದೇವಿಯವರ ಮನೆಯಲ್ಲಿ ಯಾವುದೂ ಮುಗಿಯುತ್ತಿರಲಿಲ್ಲ. ಡಬ್ಬಿಯ ತಳ ಕಂಡ ದಿನ ‘ಅಕ್ಕಿ ಹೆಚ್ಚಾಗ್ಯಾವ’ ಎನ್ನುತ್ತಿದ್ದರು. ಉಪ್ಪು ಹೆಚ್ಚಾಗುತ್ತಿತ್ತು, ಎಣ್ಣೆ ಹೆಚ್ಚಾಗುತ್ತಿತ್ತು, ಕುಂಕುಮವಂತೂ ಸದಾ ಹೆಚ್ಚಾಗುತ್ತಿತ್ತು. ದೇವರ ಮುಂದಿನ ದೀಪವನ್ನು ಅವರು ಎಂದೂ ಆರಿಸಿದವರಲ್ಲ, ‘ದೊಡ್ಡದು’ ಮಾಡುತ್ತಿದ್ದರು. ಇಲ್ಲ ಎನ್ನುವ ಮಾತನ್ನು ನಾಲಿಗೆ ಒಮ್ಮೆ ಕರೆದರೆ ಅದು ಬಂದು ಮನೆಯೊಳಗೆ ಕೂತುಬಿಡುತ್ತದೆ ಎಂದು ಅವರ ಅವ್ವ ನಂಬಿದ್ದಳು, ಅವ್ವನ ಅವ್ವ ನಂಬಿದ್ದಳು. ಧಾರವಾಡ ಬಿಟ್ಟು ಲಂಡನ್ನಿನ ಸಟನ್‌ಗೆ ಬಂದು, ಶಾಲೆಯ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಬಟಾಟೆ ಬೇಯಿಸಿ, ತಲೆ ಬೆಳ್ಳಗಾದರೂ ಆ ನಂಬಿಕೆ ಸಡಿಲವಾಗಿರಲಿಲ್ಲ.

ಇದರಿಂದ ಪೆಟ್ಟು ತಿಂದವನು ಮಗ ಅನಿಕೇತ. ನರ್ಸರಿಯಲ್ಲಿ ಹಾಲು ಕುಡಿದು ಮುಗಿಸಿ, ಇನ್ನಷ್ಟು ಬೇಕೆನ್ನಿಸಿ, ಟೀಚರ್‌ಗೆ ತನ್ನ ಹಾಲು ಹೆಚ್ಚಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದನಂತೆ. ಹೆಚ್ಚಾಯಿತೇ ಪಾಪ ಎಂದು ಆಕೆ ಲೋಟವನ್ನೇ ಎತ್ತಿಕೊಂಡು ಹೋದಳು. ಅಂದು ಮನೆಗೆ ಬಂದು ಅತ್ತವನು ಮತ್ತೆ ಆ ಮಾತು ಆಡಲಿಲ್ಲ. ಬರಬರುತ್ತ ಕನ್ನಡವನ್ನೇ ಆಡುವುದು ಬಿಟ್ಟ. ಅವ್ವ ಏನೇ ಕೇಳಿದರೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಮೂವತ್ತು ದಾಟಿ ಮದುವೆಯಾದ ಮೇಲೂ ಅದೇ ರೂಢಿ.

ಆ ಅನಿಕೇತ ಈಗ ಕೆರಿಬಿಯನ್ ಸಮುದ್ರದಲ್ಲಿದ್ದ.

ಅವನಿಗೆ ದೋಣಿಯ ಹುಚ್ಚು ಹಿಡಿಸಿದವರು ಶಾಲೆಯಲ್ಲಿ ಗಣಿತ ಹೇಳಿಕೊಟ್ಟ ಗ್ರಹಾಂ. ಹುಡುಗನಿದ್ದಾಗ ಅವನನ್ನು ಜಲಾಶಯಕ್ಕೆ ಕರೆದೊಯ್ದು ಪುಟ್ಟ ಹಾಯಿದೋಣಿ ನಡೆಸುವುದನ್ನು ಕಲಿಸಿದ್ದರು. ನಿವೃತ್ತರಾದ ಮೇಲೆ ದೊಡ್ಡದೊಂದು ಹಾಯಿದೋಣಿ ಕೊಂಡು ಗ್ವಾಡೆಲೂಪ್ ದ್ವೀಪದಲ್ಲಿ ಇಟ್ಟುಕೊಂಡಿದ್ದರು. ಹೃದಯದ ಗುಳಿಗೆ ನುಂಗುವ ಮನುಷ್ಯ, ಹೆಂಡತಿ ತೀರಿಕೊಂಡವರು. ದೋಣಿಯನ್ನು ಉತ್ತರಕ್ಕೆ, ನೇವಿಸ್ ಎಂಬ ಇನ್ನೊಂದು ದ್ವೀಪಕ್ಕೆ ಒಯ್ಯಬೇಕು, ಜೊತೆಗೆ ಬರುತ್ತೀಯಾ ಎಂದು ಕೇಳಿದಾಗ ಅನಿಕೇತ ರಜೆ ಹಾಕಿ ಹೊರಟೇಬಿಟ್ಟ. ಹೆಂಡತಿ ತೃಷಾಳನ್ನು ತನ್ನ ಅಪ್ಪ ಅವ್ವನ ಹತ್ತಿರ ಬಿಟ್ಟುಹೋಗಿದ್ದ. ಅವಳಿಗೆ ಐದನೆಯ ತಿಂಗಳು.

ಹೋಗುವ ದಾರಿಯಲ್ಲಿ ಮಾಂಟ್ಸೆರಾಟ್ ಎಂಬ ದ್ವೀಪ. ಅದರಲ್ಲೊಂದು ಬೆಂಕಿಗುಡ್ಡ.

ಅದರ ವಿಷಯವನ್ನೆಲ್ಲ ಹುಡುಕಿ ತೆಗೆದವರು ಗಿರಿಜಾದೇವಿಯವರ ಯಜಮಾನರಾದ ಜಗದೇವಪ್ಪ. ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ಈಗ ಐಪ್ಯಾಡ್ ತೊಡೆಯ ಮೇಲಿಟ್ಟುಕೊಂಡು ಬೆಳಗಿನಿಂದ ಗುಡ್ಡದ ಪುರಾಣ ಓದುತ್ತಿದ್ದರು. ಹಿಂದೆ ಅದು ಸಿಡಿದು ಊರಿಗೆ ಊರೇ ಬೂದಿಯಲ್ಲಿ ಹೂತುಹೋಯಿತಂತೆ. ಇಗರ್ಜಿಯ ಗೋಪುರ, ಮನೆಗಳ ಮೇಲ್ಮಹಡಿ ಮಾತ್ರ ಮೇಲೆ ಕಾಣುತ್ತವಂತೆ. ಈಗ ಸುಮ್ಮನಿದೆಯಂತೆ, ಆದರೆ ಸತ್ತಿಲ್ಲವಂತೆ. ಅದರ ಕಾಲಬುಡದ ಸಮುದ್ರಕ್ಕೂ ಗೆರೆ ಎಳೆದು ದೋಣಿಗಳು ಒಳಗೆ ಬರಬಾರದೆಂದು ಕಟ್ಟುಮಾಡಿದ್ದಾರಂತೆ. ಗಿರಿಜಾದೇವಿ ಆಗಷ್ಟೇ ಪೂಜೆಗೆ ಕೂತು ವಿಭೂತಿಯಲ್ಲಿ ಬೆರಳೂರಿದ್ದರು. ಬೂದಿ ಎಂಬ ಮಾತು ಕಿವಿಗೆ ಬಿದ್ದದ್ದೇ ಬೆರಳು ಹಣೆಗೆ ಹೋಗದೆ ಅರ್ಧದಲ್ಲಿ ನಿಂತಿತು. ಹೊತ್ತಲ್ಲದ ಹೊತ್ತಿನಲ್ಲಿ ಅಂಥ ಮಾತು ಆಡಬಾರದು ಎಂದು ಒಳಗಿನಿಂದಲೇ ಹೇಳಿದರು. ಜಗದೇವಪ್ಪನವರಿಗೆ ತಮಾಷೆ.

“ನಿನ್ನ ಮಗಾ ಬೆಂಕಿಗುಡ್ಡ ಅಂದ್ರ ಅಂಜಾಂವ ಅಲ್ಲೇಳ. ನೀ ಒಗ್ಗರಣಿ ಹಾಕಿದಾಗೆಲ್ಲಾ ಮನ್ಯಾಗ ಅಲಾರ್ಮ್ ಹೊಡ್ಕೊಂತಿತ್ತು, ಅದರಾಗ ಬೆಳದಾಂವ.”

ಹಿಂದಿನ ದಿನ ಅನಿಕೇತ ಕಳಿಸಿದ್ದ ಮೆಸೇಜಿನಲ್ಲಿ, ದೂರದಿಂದಲೇ ಗುಡ್ಡದ ವಾಸನೆ ಬರುತ್ತದೆಯಂತೆ ಎಂದಿತ್ತು. ಹೇಗಿರುತ್ತದೆ ಎಂದು ತೃಷಾ ಕೇಳಿದ್ದಕ್ಕೆ, ಅವ್ವ ದೀಪ ಹಚ್ಚುವಾಗ ಗೀರಿದ ಕಡ್ಡಿಯ ವಾಸನೆಯಂತೆ, ಗ್ರಹಾಂ ಹೇಳಿದರು, ಎಂದು ಬರೆದಿದ್ದ. ಇಂದು ಬೆಳಿಗ್ಗೆ ಒಂದು ಚಿತ್ರ ಬಂತು. ಬೂದುಬಣ್ಣದ ಗುಡ್ಡ, ನೆತ್ತಿಯ ಮೇಲೆ ಮೋಡವೋ ಹೊಗೆಯೋ ತಿಳಿಯದ ಬಿಳುಪು, ಒಂದು ಮಗ್ಗುಲು ಚರ್ಮ ಸುಲಿದಂತೆ ಬೋಳು. ಗಿರಿಜಾದೇವಿ ಅದನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಎಷ್ಟು ಹಿಗ್ಗಿಸಿದರೂ ಅದರಲ್ಲಿ ಮಗ ಇರಲಿಲ್ಲ. ದೀಪ ಹಚ್ಚಲು ಕಡ್ಡಿ ಗೀರಿದಾಗ ಎದ್ದ ವಾಸನೆಗೆ ಮುಖವನ್ನು ಹಿಂದಕ್ಕೆ ಸರಿಸಿದರು. ದಿನವೂ ಮೂಸಿದ ವಾಸನೆಯೇ.

ಮಧ್ಯಾಹ್ನದ ಊಟದ ಪಾತ್ರೆ ತೊಳೆಯುತ್ತಿದ್ದಾಗ ಫೋನ್ ಬಂತು. ತೃಷಾ ಮೇಲಿನ ಕೋಣೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದಳು, ಅವಳ ಫೋನ್ ಸೈಲೆಂಟ್ ಆಗಿತ್ತು. ಗಿರಿಜಾದೇವಿ ತಮ್ಮ ಫೋನನ್ನು ಸೋಪಿನ ಕೈಯಲ್ಲೇ ಎತ್ತಿದರು. ಮಗನ ದನಿ. ದೂರದ್ದು, ಸಣ್ಣದು, ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಬಾರದು ಎಂಬಂತೆ ತಗ್ಗಿಸಿದ ದನಿ.

“ಅವ್ವಾ, ಗುಡ್ಡದ ಬಾಜೂಕ ಅದೀವಿ. ನೀರು ಹೆಚ್ಚಾಗ—”

ಅಲ್ಲಿಗೆ ಮಾತು ಕಡಿದುಹೋಯಿತು. ಗರಗರ ಎಂದು ಒಂದು ಸದ್ದು, ಆಮೇಲೆ ಏನೂ ಇಲ್ಲ. ಹಲೋ ಎಂದರು, ಹೇಳಪಾ ಎಂದರು. ಕೇಳಿಸುತ್ತಿರಬಹುದು ಎಂಬ ಆಸೆಯಿಂದ, ಇದ್ದಷ್ಟನ್ನೇ ತುಸುತುಸು ಕುಡಿಯಿರಿ, ಬಿಸಿಲಿಗೆ ತಲೆ ಕೊಡಬೇಡಿ, ಗ್ರಹಾಂ ಅವರಿಗೆ ಮೊದಲು ಕೊಡು, ಹಿರಿಯರು ಎಂದು ಸತ್ತ ಫೋನಿಗೆ ಬುದ್ಧಿ ಹೇಳಿದರು.

ಅವರಿಗೆ ಕೇಳಿಸಿದ್ದು ಇಷ್ಟೇ: ಕುಡಿಯುವ ನೀರು ಹೆಚ್ಚಾಗಿದೆ. ಅಂದರೆ, ತೀರಿದೆ. ಮನೆಯ ಮಾತು. ಎಂದೋ ಬಿಟ್ಟ ಮಾತನ್ನು ಮಗ ಸಮುದ್ರದ ನಡುವೆ ನೆನಪಿಟ್ಟುಕೊಂಡು ಆಡಿದನಲ್ಲ ಎಂದು ಒಂದು ಕ್ಷಣ ಅವರ ಎದೆ ತುಂಬಿಯೂ ಬಂತು. ಕೈ ಒರೆಸಿಕೊಂಡು ಹೊರಗೆ ಬಂದು ಯಜಮಾನರಿಗೆ ಹೇಳಿದರು. ಅವರು ಐಪ್ಯಾಡಿನಿಂದ ತಲೆ ಎತ್ತದೆ, ಸೊಸೆಯ ಹೆಸರಿಗೆ ಬಾಯಾರಿಕೆ ಎಂಬ ಅರ್ಥ ಎಂದು ಗೊತ್ತಿದ್ದೂ ತಂದುಕೊಂಡೆವಲ್ಲ, ನೀರು ಹೆಚ್ಚಾಗದೆ ಏನಾದೀತು ಎಂದು ನಕ್ಕರು. ಸಾಯಂಕಾಲದೊಳಗೆ ಯಾವುದಾದರೂ ದಂಡೆ ಮುಟ್ಟುತ್ತಾರೆ, ಅಲ್ಲಿ ಬಾಟಲಿ ಸಿಗುತ್ತವೆ ಎಂದರು.

ಗಿರಿಜಾದೇವಿ ಹೂಂ ಎಂದು ಒಳಗೆ ಬಂದರು. ಪಾತ್ರೆ ತೊಳೆಯಲು ಕೈ ಹಾಕಿದರು. ನಲ್ಲಿಯಿಂದ ನೀರು ಬೀಳುತ್ತಿತ್ತು, ಸಿಂಕಿನಲ್ಲಿ ತುಂಬುತ್ತಿತ್ತು. ಅದನ್ನು ನೋಡುತ್ತ, ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತರು.

ಅವನು ಕನ್ನಡದಲ್ಲಿ ಮಾತಾಡಿದ್ದ.

ಪರೀಕ್ಷೆಯಲ್ಲಿ ಮೊದಲು ಬಂದ ಸುದ್ದಿ ಇಂಗ್ಲಿಷಿನಲ್ಲಿ ಹೇಳಿದವನು, ಹುಡುಗಿ ನೋಡಿಕೊಂಡಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದವನು, ತಾನು ಅಪ್ಪನಾಗುತ್ತೇನೆಂಬುದನ್ನೂ ಇಂಗ್ಲಿಷಿನಲ್ಲೇ ಹೇಳಿದವನು, ಕುಡಿಯುವ ನೀರಿನ ಸುದ್ದಿಯನ್ನು ಕನ್ನಡದಲ್ಲಿ ಏಕೆ ಹೇಳಿದ? ದನಿ ಏಕೆ ತಗ್ಗಿಸಿದ? ಪಕ್ಕದಲ್ಲಿದ್ದವರು ಗ್ರಹಾಂ ಒಬ್ಬರೇ. ಅವರಿಗೆ ತಿಳಿಯಬಾರದ್ದು ಏನಿತ್ತು?

ಬೇಡದ್ದನ್ನೆಲ್ಲ ಯೋಚಿಸಬಾರದು ಎಂದು ನಲ್ಲಿ ನಿಲ್ಲಿಸಿದರು. ಮನಸ್ಸಿನಲ್ಲೇ ಶಿವನಾಮ ಹಿಡಿದರು. ನಾಮ ಎರಡು ಸುತ್ತು ಬರುವಷ್ಟರಲ್ಲಿ ತಪ್ಪಿತು.

ತೃಷಾ ಮೀಟಿಂಗ್ ಮುಗಿಸಿ ಕೆಳಗೆ ಬಂದಳು. ಅವಳ ಫೋನಿಗೂ ಕರೆ ಬಂದಿತ್ತು, ಎತ್ತಿಕೊಂಡಿರಲಿಲ್ಲ. ತಿರುಗಿ ಮಾಡಿದರೆ ಸ್ವಿಚ್ ಆಫ್ ಎಂದು ಬರುತ್ತಿತ್ತು. ಕುಂದಾಪುರದ ಮನೆತನದ ಹುಡುಗಿ, ಹುಟ್ಟಿ ಬೆಳೆದದ್ದು ಲಂಡನ್ನಿನ ಇನ್ನೊಂದು ತುದಿಯ ಎಜ್‌ವೇರ್‌ನಲ್ಲಿ. ಈ ಮನೆಯ ಭಾಷೆ ಅವಳಿಗೆ ಮೊದಮೊದಲು ಒಗಟಾಗಿತ್ತು. ಮದುವೆಯಾದ ಹೊಸದರಲ್ಲಿ ಅತ್ತೆ ಸಕ್ಕರೆ ಹೆಚ್ಚಾಗಿದೆ ಎಂದರೆಂದು ಚಹಾಕ್ಕೆ ಸಕ್ಕರೆ ಹಾಕದೆ ಕೊಟ್ಟಿದ್ದಳು. ಈಗ ರೂಢಿಯಾಗಿತ್ತು. ನೀರು ಹೆಚ್ಚಾಗಿದೆಯಂತೆ ಎಂದು ಅತ್ತೆ ಹೇಳಿದ ಕೂಡಲೇ ಕುಡಿಯುವ ನೀರು ತಾನೇ ಎಂದು ಅವಳೂ ಉಸಿರು ಬಿಟ್ಟಳು. ಆದರೂ ಕೂತಲ್ಲೇ ಫೋನಿನಲ್ಲಿ ನಕ್ಷೆ ತೆರೆದಳು. ಗ್ರಹಾಂ ಅವರ ದೋಣಿ ಎಲ್ಲಿದೆಯೆಂದು ತೋರಿಸುವ ಒಂದು ಹಸಿರು ಚುಕ್ಕಿ ಅದರಲ್ಲಿತ್ತು. ಬೆಳಿಗ್ಗೆಯಿಂದ ಅದು ಇರುವೆಯಂತೆ ಮೇಲಕ್ಕೆ ಹರಿಯುತ್ತಿದ್ದದ್ದನ್ನು ಇಬ್ಬರೂ ಆಗಾಗ ನೋಡಿದ್ದರು.

ಈಗ ಚುಕ್ಕಿ ಗುಡ್ಡದ ಪಶ್ಚಿಮಕ್ಕೆ ನಿಂತಿತ್ತು. ಬಣ್ಣವೂ ಬದಲಾಗಿತ್ತು. ಹಸಿರಿದ್ದದ್ದು ಬೂದಿಬಣ್ಣವಾಗಿತ್ತು. ಕೆಲ ಹೊತ್ತಿನಿಂದ ದೋಣಿಯಿಂದ ಸುದ್ದಿ ಬಂದಿಲ್ಲ ಎಂದು ಅದರ ಅರ್ಥ ಎಂದಳು ತೃಷಾ. ಗುಡ್ಡದ ಸುತ್ತ ಎಳೆದಿದ್ದ ಕೆಂಪು ಗೆರೆ ಚುಕ್ಕಿಯ ಪಕ್ಕದಲ್ಲೇ ಇತ್ತು.

ಗುಡ್ಡದ ಮರೆಗೆ ಗಾಳಿ ಸಿಗುವುದಿಲ್ಲ, ಹಾಯಿ ಸುಮ್ಮನೆ ಜೋತುಬೀಳುತ್ತದೆ, ಆಗ ಎಂಜಿನ್ ಹಾಕಿಕೊಂಡು ದಾಟುತ್ತಾರೆ ಎಂದು ಅನಿಕೇತ ತೃಷಾಳಿಗೆ ಮೊದಲೇ ಹೇಳಿದ್ದನಂತೆ. ಹಾಗಾದರೆ ಎಂಜಿನ್ ಏಕೆ ಹಾಕಿಲ್ಲ ಎಂದು ಯಾರೂ ಕೇಳಲಿಲ್ಲ. ಜಗದೇವಪ್ಪ ಐಪ್ಯಾಡ್ ಮಡಚಿಟ್ಟರು. ತಮಾಷೆ ನಿಂತಿತು.

ತೃಷಾ ತನ್ನ ಅಪ್ಪನಿಗೆ ಫೋನ್ ಮಾಡಿದಳು. ಮಂಜಯ್ಯ ಎಜ್‌ವೇರ್‌ನಲ್ಲಿ ರೆಸ್ಟೊರೆಂಟ್ ನಡೆಸುತ್ತಿದ್ದ ಮನುಷ್ಯ. ಲಂಡನ್ನಿಗೆ ಬರುವ ಮುಂಚೆ ಊರಿನಲ್ಲಿ ಅಣ್ಣಂದಿರ ಜೊತೆ ಮೀನಿನ ದೋಣಿಗೆ ಹೋದವರು. ಹೊಟ್ಟೆಯಲ್ಲಿರುವ ಮಗುವಿಗೆ ಕೇಳಬಾರದೆಂಬಂತೆ ಅವಳು ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಸಣ್ಣ ದನಿಯಲ್ಲಿ ಎಲ್ಲ ಹೇಳಿದಳು. ಅನಿಕೇತ ಆಡಿದ ಮಾತನ್ನು ಅತ್ತೆ ಹೇಳಿದಂತೆಯೇ ಕನ್ನಡದಲ್ಲಿ ಹೇಳಿದಳು. ಫೋನಿನ ಸ್ಪೀಕರ್ ಹಾಕಿದ್ದಳು, ಹಿಂದೆ ರೆಸ್ಟೊರೆಂಟಿನ ತಟ್ಟೆಗಳ ಸದ್ದು ಕೇಳಿಸುತ್ತಿತ್ತು. ಆ ಸದ್ದಿನ ನಡುವೆ ಮಂಜಯ್ಯ ಮಗಳನ್ನು ಕೇಳಿದರು:

“ದೋಣ್ಯಗೆ ಕೂಕಂಡ್ ನೀರ್ ಹೆಚ್ಚಾಯ್ತ್ ಅಂದ್ರೆ ಒಂದೇ ಅರ್ಥ, ಹೆಣೆ. ನೀವೆಲ್ಲ ಅಲ್ಲಿ ಕೂತು ಎಂತ ಮಾಡ್ತಾ ಇದ್ರಿ?”

ತೃಷಾ ಅಲ್ಲ ಅಲ್ಲ ಎಂದು ವಿವರಿಸಲು ಹೋದಳು. ಈ ಮನೆಯಲ್ಲಿ ಹೆಚ್ಚಾಗುವುದೆಂದರೆ ಮುಗಿಯುವುದು ಎಂದು ಹೇಳುತ್ತ ಹೇಳುತ್ತ ಅವಳ ದನಿ ತಾನೇ ಇಂಗಿಹೋಯಿತು. ಕಣ್ಣು ಅತ್ತೆಯ ಮೇಲೆ ನಿಂತಿತು. ಜಗದೇವಪ್ಪನವರ ಕಣ್ಣೂ ಅಲ್ಲೇ. ಆ ಮಾತನ್ನು ಕಿವಿಯಾರೆ ಕೇಳಿದವರು ಇಡೀ ಮನೆಯಲ್ಲಿ ಅವರೊಬ್ಬರೇ.

ಗಿರಿಜಾದೇವಿ ದೇವರ ಮುಂದಿನ ಮಣೆಯ ಮೇಲೆ ಕೂತರು.

ಅವರ ಅಪ್ಪ ಶೇಖರಪ್ಪ ಧಾರವಾಡದ ಓಣಿಯ ಮಠದಲ್ಲಿ ಸಂಜೆಹೊತ್ತು ಕಾವ್ಯ ಓದಿಸುತ್ತಿದ್ದರು. ಓದುವವರು ಬೇರೆ, ಕೇಳುವವರು ಅಪ್ಪ. ಕಣ್ಣು ಮುಚ್ಚಿ ಕೂತು, ತೊಡೆಯ ಮೇಲೆ ಬೆರಳು ಬಡಿಯುತ್ತ ಷಟ್ಪದಿಯ ನಡೆಯನ್ನು ಅಳೆಯುತ್ತಿದ್ದರು. ಓದುವವನು ಎಲ್ಲೋ ಒಂದು ದೀರ್ಘವನ್ನು ನುಂಗಿದರೆ ಬೆರಳು ನಿಲ್ಲುತ್ತಿತ್ತು. ಸಾಲು ಗೊತ್ತಿದ್ದವರು ತಪ್ಪನ್ನು ತಾವೇ ತುಂಬಿಕೊಂಡು ಮುಂದೆ ಹೋಗಿಬಿಡುತ್ತಿದ್ದರು. ಅಪ್ಪ ಮಾತ್ರ ಬಿಡುತ್ತಿರಲಿಲ್ಲ. ಬೆನ್ನ ಹಿಂದೆ ಕೂತ ಮಗಳಿಗೆ ಅವರು ಕಲಿಸಿದ್ದು ಒಂದೇ: ಬಾಯಿಂದ ಬಂದದ್ದನ್ನು ಕೇಳು, ನೀನು ತುಂಬಿಕೊಂಡದ್ದನ್ನು ಕೇಳಬೇಡ.

ತಾನು ತುಂಬಿಕೊಂಡಿದ್ದೆ. ಮಾತು ಅರ್ಧಕ್ಕೆ ಹರಿದಿತ್ತು. ‘ನೀರು ಹೆಚ್ಚಾಗ’ ಎಂಬಷ್ಟೇ ಬಂದಿತ್ತು. ಬಾಲವನ್ನು ತಾನು ಅಂಟಿಸಿದ್ದೆ, ಜನ್ಮವಿಡೀ ಅಂಟಿಸಿದಂತೆ. ‘ಹೆಚ್ಚಾಗ್ಯಾವ’ ಎಂದರೆ ಮನೆಯ ಮಾತು, ತೀರಿವೆ ಎಂದರ್ಥ. ಆದರೆ ‘ಹೆಚ್ಚಾಗಾಕತ್ತಾವ’ ಎಂದಿದ್ದರೆ? ಏರುತ್ತಿವೆ, ಇನ್ನೂ ಏರುತ್ತಿವೆ ಎಂದರ್ಥ. ಅಕ್ಕಿಯನ್ನು, ಉಪ್ಪನ್ನು ಯಾರೂ ಹೆಚ್ಚಾಗಾಕತ್ತಾವ ಎನ್ನುವುದಿಲ್ಲ. ಹೊಳೆಯನ್ನು ಎನ್ನುತ್ತಾರೆ.

ಕಣ್ಣು ಮುಚ್ಚಿದರು. ಮಗನ ದನಿಯನ್ನು ಮತ್ತೆ ಕರೆದರು. ಅವ್ವಾ. ಗುಡ್ಡದ ಬಾಜೂಕ ಅದೀವಿ. ನೀರು ಹೆಚ್ಚಾಗ. ಬೆರಳು ತಾನಾಗಿ ತೊಡೆಯ ಮೇಲೆ ಬಿತ್ತು. ಮತ್ತೆ ಕರೆದರು. ಗ ಅಕ್ಷರಕ್ಕೆ ಒತ್ತು ಬಿದ್ದಿತ್ತೇ? ಯಕಾರದ ಕಡೆಗೆ ನಾಲಿಗೆ ಬಾಗಿತ್ತೇ? ಇಲ್ಲ. ಗಂಟಲು ತೆರೆದಿತ್ತು. ಗಾ ಎಂದು ಎಳೆಯುವ ಮೊದಲ ಚೂರು, ಗರಗರ ಸದ್ದಿಗೆ ಮುಂಚೆ, ಬಂದಿತ್ತು. ಬಂದಿತ್ತೇ? ಅಥವಾ ಮಂಜಯ್ಯನವರ ಮಾತು ಕೇಳಿದ ಮೇಲೆ, ಈ ಹೆದರಿಕೆಯಲ್ಲಿ, ಅದನ್ನೂ ತಾನೇ ತುಂಬಿಕೊಳ್ಳುತ್ತಿದ್ದೇನೆಯೇ? ಎಷ್ಟು ಸಲ ಕರೆದರೂ ದನಿ ಅಲ್ಲಿಗೇ ಬಂದು ಕಡಿದುಹೋಗುತ್ತಿತ್ತು. ಪ್ರತಿ ಸಲವೂ ಸ್ವಲ್ಪ ದೂರವಾಗುತ್ತಿತ್ತು.

“ಫೋನ್ ಮಾಡ, ತೃಷಾ,” ಎಂದರು. “ಯಾರಿಗೆ ಮಾಡಬೇಕೋ ಅವರಿಗೆ ಮಾಡ.”

ತೃಷಾ ತುರ್ತು ನಂಬರಿಗೆ ಮಾಡಿ ಕೋಸ್ಟ್‌ಗಾರ್ಡ್ ಬೇಕು ಎಂದಳು. ಇಲ್ಲಿಂದ ಹೇಳಿದರೆ ಇವರೇ ಆ ಕಡೆಯ ಸಮುದ್ರದವರಿಗೆ ತಲುಪಿಸುತ್ತಾರೆ ಎಂದು ಮಂಜಯ್ಯ ತಿಳಿಸಿದ್ದರು. ಫೋನಿನಲ್ಲಿದ್ದ ಹೆಂಗಸು ಮೆತ್ತಗೆ, ಒಂದೊಂದಾಗಿ ಕೇಳಿದಳು. ದೋಣಿಯ ಹೆಸರು, ಬಣ್ಣ, ಎಷ್ಟು ಜನ, ಯಾರಿಗಾದರೂ ಕಾಯಿಲೆ ಇದೆಯೇ. ತೃಷಾ ಉತ್ತರ ಕೊಡುತ್ತ ಹೋದಳು, ನಕ್ಷೆಯಲ್ಲಿ ಚುಕ್ಕಿ ನಿಂತ ಜಾಗವನ್ನು ಓದಿ ಹೇಳಿದಳು. ಕೊನೆಯ ಕರೆಯಲ್ಲಿ ಅವರು ಆಡಿದ ಮಾತು ಸರಿಯಾಗಿ ಏನು ಎಂದು ಹೆಂಗಸು ಕೇಳಿದಾಗ ತೃಷಾ ತಡವರಿಸಿದಳು. ಮಾತು ಕೇಳಿದವರು ಬೇರೆ, ಅವರಿಗೇ ಕೊಡುತ್ತೇನೆ ಎಂದು ಫೋನನ್ನು ಅತ್ತೆಯ ಮುಂದೆ ಹಿಡಿದಳು.

ಗಿರಿಜಾದೇವಿ ಫೋನ್ ತೆಗೆದುಕೊಂಡರು. ಹೆಂಗಸು ತನ್ನ ಪ್ರಶ್ನೆಯನ್ನು ಮತ್ತೆ ಕೇಳಿದಳು. ವಾಟರ್ ಎಂದರು ಗಿರಿಜಾದೇವಿ. ಮುಂದಿನ ಮಾತಿಗೆ ನಿಂತರು. ಇಂಗ್ಲಿಷಿನಲ್ಲಿ ಅರ್ಧ ಮಾತು ಇರಲಿಲ್ಲ. ಮುಗಿದಿದೆ ಎನ್ನಬೇಕು, ಇಲ್ಲವೇ ತುಂಬುತ್ತಿದೆ ಎನ್ನಬೇಕು. ತುಂಬುತ್ತಿದೆ ಎಂದು, ಅದು ನೀರಡಿಕೆಯಷ್ಟೇ ಆಗಿದ್ದರೆ, ಸುಳ್ಳು ಹೇಳಿ ಜನರನ್ನು ಆ ಗುಡ್ಡದ ಬುಡಕ್ಕೆ ಓಡಿಸಿದಂತಾಗುತ್ತದೆ. ಆ ಗುಡ್ಡ ಅದೇ ಹೊತ್ತಿಗೆ ಮೈಮುರಿದರೆ? ಮುಗಿದಿದೆ ಎಂದರೆ ಯಾರೂ ಓಡುವುದಿಲ್ಲ.

“ನಿಮ್ಮ ಮಗನ ದೋಣಿ ಮುಳುಗುತ್ತಿದೆಯೇ, ಅಮ್ಮಾ?” ಎಂದು ಆ ಹೆಂಗಸು ಕೇಳಿದಳು.

ಹೌದು ಎನ್ನುವುದಕ್ಕೆ ಒಂದು ಅಕ್ಷರ ಸಾಕಿತ್ತು. ಆದರೆ ಅಕ್ಕಿ ತೀರಿದೆ ಎಂದು ಬಾಯಿ ಬಿಟ್ಟು ಅಂದವರಲ್ಲ ಅವರು, ದೀಪ ಆರಿದೆ ಎಂದವರಲ್ಲ. ಈಗ, ದೇವರ ಮಣೆಯ ಮೇಲೆ ಕೂತು, ಬಸುರಿ ಸೊಸೆಯ ಎದುರಿಗೆ, ಮಗನ ಮೇಲೆ ಈ ಮಾತನ್ನು ಹೇಗೆ ಕರೆಯುವುದು? ಆಗಿರದಿದ್ದರೂ ತಾನು ಅಂದದ್ದಕ್ಕೇ ಆಗಿಬಿಟ್ಟರೆ? ಕಣ್ಣೆತ್ತಿದರೆ ದೀಪ. ಬೆಳಗಿನಿಂದ ಉರಿದು ಎಣ್ಣೆ ಇಳಿದಿತ್ತು, ಬತ್ತಿಯ ತುದಿ ಕೆಂಪಗೆ ಕೂತಿತ್ತು. ಆ ಹೆಂಗಸು ಕಾಯುತ್ತಿದ್ದಳು. ಅವಳ ಉಸಿರು ಫೋನಿನಲ್ಲಿ ಕೇಳಿಸುತ್ತಿತ್ತು.

“ಯೆಸ್,” ಎಂದರು ಗಿರಿಜಾದೇವಿ. “ಸಿಂಕಿಂಗ್. ವಾಟರ್ ಈಸ್ ಕಮಿಂಗ್ ಇನ್‌ಸೈಡ್. ಮೈ ಸನ್ಸ್ ಬೋಟ್ ಈಸ್ ಸಿಂಕಿಂಗ್.”

ಫೋನ್ ತಿರುಗಿಸಿ ಕೊಟ್ಟು, ಆಡಿದ ಬಾಯಿಯನ್ನು ಸೆರಗಿನಿಂದ ಒತ್ತಿ ಹಿಡಿದುಕೊಂಡರು. ಜಗದೇವಪ್ಪ ಅವರ ಕಡೆ ನೋಡಲಿಲ್ಲ. ಎದ್ದು ದೀಪಕ್ಕೆ ಎಣ್ಣೆ ಹಾಕಿದರು. ಎಂದೂ ಹಾಕಿದವರಲ್ಲ, ಅರ್ಧ ಹೊರಗೆ ಚೆಲ್ಲಿದರು.

ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಸುದ್ದಿ ಬಂದರೆ ತಿಳಿಸುತ್ತೇವೆ, ಈ ಫೋನನ್ನು ಖಾಲಿ ಇಡಿ ಎಂದಿದ್ದರು. ಮೂವರೂ ಅದರ ಸುತ್ತ ಕೂತರು. ಹೊರಗೆ ರಸ್ತೆಯಲ್ಲಿ ಶಾಲೆ ಬಿಟ್ಟ ಮಕ್ಕಳು ಕೂಗಾಡುತ್ತ ಹೋದವು. ಕಸದ ಲಾರಿ ಬಂದು ನಿಂತು ಹೋಯಿತು. ಪಕ್ಕದ ಮನೆಯವರು ಗೋಡೆಯಾಚೆ ನೀರು ಬಿಟ್ಟರೋ ಏನೋ, ಪೈಪಿನಲ್ಲಿ ಗುಳುಗುಳು ಸದ್ದು ಎದ್ದಿತು. ಮೂವರೂ ಬೆಚ್ಚಿ ಗೋಡೆ ನೋಡಿದರು.

ಗಿರಿಜಾದೇವಿ ನಾಮ ಹಿಡಿಯಲು ನೋಡಿದರು, ಆಗಲಿಲ್ಲ. ಶಿವಶಿವ ಎಂದು ಶುರುಮಾಡಿದರೆ ತಾನಾಡಿದ ಇಂಗ್ಲಿಷ್ ಮಾತೇ ಅದೇ ಲಯದಲ್ಲಿ ಒಳಗೆ ಸುತ್ತುತ್ತಿತ್ತು. ಅಪ್ಪ ಓದಿಸುತ್ತಿದ್ದ ಸಾಲುಗಳನ್ನು ನೆನೆದರು. ಯುದ್ಧದ ಸಾಲು, ಬೆಂಕಿಯ ಸಾಲು, ತಾಯಿ ಮಗನನ್ನು ಹುಡುಕುವ ಸಾಲು. ಒಂದೂ ಬೇಡವಾಗಿತ್ತು. ಮಗ ನರ್ಸರಿಯಿಂದ ಅಳುತ್ತ ಬಂದ ದಿನ ನೆನಪಾಯಿತು. ಅವನ ಹಾಲನ್ನು ಕಸಿದುಕೊಂಡದ್ದು ಆ ಟೀಚರ್ ಅಲ್ಲ, ತನ್ನ ಮಾತು. ಇಂದು ಅದೇ ಮಾತು ಬೋಟಿನವರೆಗೆ ಅವನ ಬೆನ್ನುಹತ್ತಿ ಹೋಗಿತ್ತು. ಫೋನ್ ಎತ್ತಿದಾಗಲೇ ಬಾಲ ಅಂಟಿಸದೆ ಕೇಳಿದ್ದರೆ? ಪಾತ್ರೆ ತೊಳೆದ ಹೊತ್ತು, ಯಜಮಾನರು ನಕ್ಕ ಹೊತ್ತು, ತಾನು ಎದೆ ತುಂಬಿಕೊಂಡು ನಿಂತ ಹೊತ್ತು, ಆ ಹೊತ್ತಿನಲ್ಲೆಲ್ಲ ಅಲ್ಲಿ ನೀರು ಎಷ್ಟು ಏರಿದ್ದೀತು?

ತೃಷಾ ನಕ್ಷೆ ನೋಡುವುದನ್ನು ಬಿಟ್ಟಿದ್ದಳು. ಚುಕ್ಕಿ ನೋಡಲಾರೆ ಎಂದು ಫೋನನ್ನು ಬೋರಲು ಹಾಕಿ, ಹೊಟ್ಟೆ ಹಿಡಿದು ಕೂತಿದ್ದಳು. ಮಗು ಒದೆಯುತ್ತಿದೆ, ಬೆಳಿಗ್ಗೆಯಿಂದ ಸುಮ್ಮನಿತ್ತು, ಈಗ ಒದೆಯುತ್ತಿದೆ ಎಂದಳು. ಗಿರಿಜಾದೇವಿ ಕೈ ಚಾಚಿ ಸೊಸೆಯ ಹೊಟ್ಟೆಯ ಮೇಲಿಟ್ಟರು. ಅಲ್ಲೂ ನೀರೇ, ನೀರಿನಲ್ಲಿ ತೇಲುವ ಜೀವವೇ ಎಂಬುದು ಹೊಳೆದು ಕೈ ಥಟ್ಟನೆ ಹಿಂದಕ್ಕೆ ಬಂತು. ಆಮೇಲೆ ನಾಚಿಕೊಂಡು ಮತ್ತೆ ಇಟ್ಟರು.

ಫೋನ್ ಬಡಿದುಕೊಂಡಾಗ ಬೆಳಕು ಇನ್ನೂ ಇತ್ತು. ಗೊತ್ತಿಲ್ಲದ ನಂಬರು. ತೃಷಾ ಎತ್ತಲಾರೆ ಎಂದು ತಲೆಯಾಡಿಸಿದಳು. ಜಗದೇವಪ್ಪ ಫೋನನ್ನು ಹೆಂಡತಿಯ ಕಡೆ ಸರಿಸಿದರು. ಗಿರಿಜಾದೇವಿ ಎತ್ತಿದರು.

“ಅವ್ವಾ,” ಎಂದಿತು ಫೋನು.

ಅವರು ಪೂರ್ತಿ ಮಾತು ಬರಲಿ ಎಂದು ಉಸಿರು ಹಿಡಿದು ಕಾದರು.

“ನೆಲದ ಮ್ಯಾಲ ಅದೀನಿ, ಅವ್ವಾ. ಇಬ್ರೂ ಅದೀವಿ.”

ಆಮೇಲೆ ತೃಷಾ ಫೋನ್ ಕಿತ್ತುಕೊಂಡಳು. ಅವಳೊಡನೆ ಅವನು ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದ. ಅಳು, ನಗು, ಬೈಗುಳದ ನಡುವೆ ಕತೆ ತುಂಡುತುಂಡಾಗಿ ಹೊರಬಂತು. ಗುಡ್ಡದ ಮರೆಯಲ್ಲಿ ಗಾಳಿ ಬಿದ್ದಿತ್ತು. ಎಂಜಿನ್ ಹಾಕಿದರು. ಎಂಜಿನ್ನನ್ನು ತಂಪಾಗಿಡಲು ಸಮುದ್ರದ ನೀರು ತರುವ ರಬ್ಬರ್ ಕೊಳವೆ ಒಡೆದು, ಅವರಿಗೆ ತಿಳಿಯುವಷ್ಟರಲ್ಲಿ ಕೆಳಗೆಲ್ಲ ನೀರು ನುಗ್ಗಿ ಬ್ಯಾಟರಿ ಸತ್ತಿತ್ತು, ರೇಡಿಯೋ ಸತ್ತಿತ್ತು. ಗ್ರಹಾಂ ನೀರಿನಲ್ಲಿ ಮೊಣಕಾಲೂರಿ ಕೂತು, ನಾನು ಸರಿಮಾಡುತ್ತೇನೆ, ಯಾರನ್ನೂ ಕರೆಯಬೇಡ ಎಂದು ಹಟ ಹಿಡಿದಿದ್ದರು. ಕರೆದರೆ ದೋಣಿ ಬಿಟ್ಟು ಹೋಗಬೇಕಾಗುತ್ತದೆ ಎಂದು ಅವರಿಗೆ ಅಂಜಿಕೆ. ಹೆಂಡತಿಯ ಹೆಸರಿಟ್ಟ ದೋಣಿ ಅದು. ಮುಖ ಬಿಳಿಚಿತ್ತು, ಕೈ ಎದೆ ಒತ್ತಿಕೊಂಡಿತ್ತು. ಅವರಿಗೆ ಗಾಬರಿಯಾಗದಂತೆ, ಮನೆಯವರೊಡನೆ ಸುಮ್ಮನೆ ಮಾತಾಡುವವನ ಹಾಗೆ ದನಿ ತಗ್ಗಿಸಿ, ಅವರಿಗೆ ತಿಳಿಯದ ಭಾಷೆಯಲ್ಲಿ ಅನಿಕೇತ ಅವ್ವನಿಗೆ ಎಲ್ಲ ಹೇಳಿದ್ದ. ಎಲ್ಲಿದ್ದೇವೆ, ಯಾರಿಗೆ ಫೋನ್ ಮಾಡಬೇಕು ಎಲ್ಲ. ಲೈನ್ ಮೊದಲೇ ಕಡಿದಿತ್ತೆಂದು ಅವನಿಗೆ ಗೊತ್ತೇ ಇರಲಿಲ್ಲ. ಆಮೇಲೆ ಫೋನೂ ಕೈಜಾರಿ ನೀರಿಗೆ ಬಿದ್ದಿತ್ತು. ನೀರು ಸೊಂಟದ ಹತ್ತಿರ ಬಂದಾಗ, ದೋಣಿ ಕೆಂಪು ಗೆರೆಯ ಒಳಗೆ ತೇಲಿಹೋಗಿ ಗುಡ್ಡದ ಸುಟ್ಟ ಬದಿ ತಲೆಯ ಮೇಲೆ ನಿಂತಾಗ, ಕಡ್ಡಿ ಗೀರಿದ ವಾಸನೆಯಲ್ಲಿ ಕೆಮ್ಮುತ್ತ, ಅವ್ವ ಹೇಳಿರುತ್ತಾಳೆ, ಅವ್ವ ಕೇಳಿಸಿಕೊಂಡಿದ್ದಾಳೆ ಎಂದು ಗ್ರಹಾಂ ಅವರಿಗೆ ಹೇಳುತ್ತಲೇ ಇದ್ದನಂತೆ. ಕೊನೆಗೆ ಮೀನುಗಾರರ ದೋಣಿಯೊಂದು ಬಂತು. ರೇಡಿಯೋದಲ್ಲಿ ನಿಮ್ಮನ್ನು ಹುಡುಕಲು ಹೇಳಿದರು ಎಂದರು ಅದರಲ್ಲಿದ್ದವರು.

ಅವ್ವ ಕೇಳಿಸಿಕೊಂಡಿದ್ದಾಳೆ. ಆ ಮಾತು ಬಂದಾಗ ಗಿರಿಜಾದೇವಿ ಎದ್ದು ಅಡುಗೆಮನೆಗೆ ಹೋದರು. ಅರ್ಧ ತೊಳೆದ ಪಾತ್ರೆಗಳು ಹಾಗೇ ಇದ್ದವು. ಸಿಂಕಿನ ನೀರು ತಣ್ಣಗಾಗಿ ಮೇಲೆ ಜಿಡ್ಡು ಕಟ್ಟಿತ್ತು. ಬಿರಡೆ ತೆಗೆದರು. ನೀರು ಸುಳಿ ತಿರುಗಿ ಇಳಿಯುವುದನ್ನು ತಳ ಕಾಣುವವರೆಗೆ ನೋಡಿದರು.

ಜಗದೇವಪ್ಪ ಎಲ್ಲರಿಗೂ ಒಂದು ಕಪ್ ಚಹಾ ಆಗಲಿ ಎಂದು ಹೊರಗಿನಿಂದ ಕೂಗಿದರು. ದನಿ ಇನ್ನೂ ಅವರದಾಗಿರಲಿಲ್ಲ. ತೃಷಾ ಮೂಗು ಒರೆಸಿಕೊಳ್ಳುತ್ತ ಬಂದು ಫ್ರಿಜ್ ತೆರೆದಳು, ಹಾಲಿನ ಡಬ್ಬ ಎತ್ತಿ ಅಲ್ಲಾಡಿಸಿದಳು.

“ಅತ್ತೆ, ಹಾಲು ಹೆಚ್ಚಾಗ—” ಎಂದವಳಿಗೆ ಮತ್ತೆ ಅಳು ಒತ್ತಿ ಬಂದು ಮಾತು ಅಲ್ಲಿಗೇ ಕಟ್ಟಿತು.

ಗಿರಿಜಾದೇವಿ ತಿರುಗಿ ನಿಂತರು. ಒದ್ದೆ ಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ತಿಳಿಯಿತು ಬಿಡು ಎನ್ನಲಿಲ್ಲ, ತಾವೇ ತುಂಬಿಕೊಳ್ಳಲಿಲ್ಲ. ಸೊಸೆಯ ಬಾಯನ್ನೇ ನೋಡುತ್ತ, ಮಾತಿನ ಬಾಲ ಬರುವವರೆಗೆ ಕಾದರು.

“…ಗ್ಯಾವ,” ಎಂದಳು ತೃಷಾ.